ಅಂಬೋಸೆಲಿಯಲ್ಲಿ ಅತ್ತೆಯ ಹರಕೆ

ಮೌಂಟನ್ ವ್ಯೂ

ಊರಿಗೆ ಮರಳುವ ಅತ್ತೆಯಂದಿರಿಗೆ ಎಲ್ಲರೂ ನಯಾಗರಾ ತೋರಿಸಿ ಕಳಿಸುತ್ತಾರೆ. ನಾವು ನಮ್ಮ ಅತ್ತೆಯನ್ನು ಆಫ್ರಿಕಾದ ಮೇಲೆ ಹಾಯಿಸಿಕೊಂಡು ಹೋಗುತ್ತೇವೆ ಎಂದಾಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ನಮ್ಮ ಕನ್ನಡ ಗುಂಪಿನಲ್ಲಿ ನಗುವೋ ನಗು. ಗ್ರೋಸರಿ ಅಂಗಡಿಯ ಸಾಲಿನಲ್ಲೇ ಗೆಳತಿಯೊಬ್ಬಳು, ‘ಸಿಂಹದ ಬಾಯಿಗೆ ಕೊಟ್ಟು ಕೈ ತೊಳ್ಕೋತೀಯೇನೇ?’ ಎಂದು ಕೇಳಿದಳು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನಲ್ಲಿ ಇರುವುದು ಬರೀ ಮೂಳೆ, ಸಿಂಹಕ್ಕೆ ಗಟ್ಟಿ ಹಲ್ಲಿದ್ದರೆ ಆಗಬಹುದು ಎಂದು ಅವರೇ ಉತ್ತರ ಕೊಟ್ಟರು.

ಅತ್ತೆಯ ಹೆಸರು ಗಿರಿಜಕ್ಕ. ಉಡುಪಿಯಿಂದ ದಕ್ಷಿಣಕ್ಕೆ, ಕಾಪುವಿನ ಹತ್ತಿರದ ಹಳ್ಳಿಯವರು. ಮನೆಮಾತು ತುಳು. ನಾನು ಬೆಂಗಳೂರಿನ ಜಯನಗರದವಳು. ನನ್ನ ತುಳು ಕೇಳಿದರೆ ಅವರಿಗೆ ನಗು ತಡೆಯದು, ಹಾಗಾಗಿ ನಾವಿಬ್ಬರೂ ಅವರ ಕರಾವಳಿ ಕನ್ನಡಕ್ಕೆ ರಾಜಿಯಾಗಿದ್ದೇವೆ. ಅವರು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಊರು ನೋಡಲಿಕ್ಕಲ್ಲ. ಹಿಂದಿನ ಚಳಿಗಾಲದಲ್ಲಿ ನನ್ನ ಗಂಡ ಸುಧಾಕರನಿಗೆ ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದು, ಕೀವು ಹರಡಿ, ಅವನು ಪಾಲೋ ಆಲ್ಟೋದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದ. ಊರಿಗೆ ತಂತಿ ಹೋದ ಮೇಲೆ ಅತ್ತೆಯೊಬ್ಬರೇ, ಇಂಗ್ಲಿಷಿನ ಗಾಳಿಯೂ ಇಲ್ಲದೆ, ಮೂರು ವಿಮಾನ ಬದಲಿಸಿ ಬಂದಿಳಿದರು. ಆ ದಿನಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ದಿನಕ್ಕೊಬ್ಬರ ಮನೆಯ ಸಾರಿನ ಫ್ಲಾಸ್ಕು ಬಂದು ಕೂರುತ್ತಿತ್ತು. ಯಾರದು ಯಾವ ಫ್ಲಾಸ್ಕು ಎಂದು ಕೊನೆಗೂ ತಿಳಿಯಲಿಲ್ಲ. ಅವರನ್ನೆಲ್ಲ ನೆನೆದರೆ ಇಂದಿಗೂ ನನ್ನ ಕಣ್ಣು ತುಂಬುತ್ತದೆ.

ಅತ್ತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಹರಕೆ ಹೊತ್ತರು. ಅವರ ಮನೆಯ ದೈವ ಪಂಜುರ್ಲಿ, ಅಂದರೆ ಹಂದಿಯ ರೂಪದ ದೈವ. ಹಳ್ಳಿಯ ಮನೆಯ ಚಾವಡಿಯಲ್ಲಿ ಉಯ್ಯಾಲೆಯ ಹಲಗೆಯ ಮೇಲೆ ಹಂದಿಮುಖದ ಹಿತ್ತಾಳೆ ಮೂರ್ತಿ, ಮುಂದೆ ದೀಪ. ಸಂಕ್ರಮಣ ಬಂತೆಂದರೆ ಎಲೆಯ ಮೇಲೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಮದುವೆಯಾದ ಹೊಸತರಲ್ಲಿ, ಗಣಪತಿಗೂ ರಾಯರಿಗೂ ಕೈಮುಗಿದು ಬೆಳೆದ ನಾನು ಅದನ್ನು ಕಂಡು ಕಕ್ಕಾಬಿಕ್ಕಿಯಾಗಿದ್ದೆ. ಮಗ ಎದ್ದು ಕೂತರೆ ನಾನೇ ನಿನ್ನ ಮುಂದೆ ಬಂದು ಕೈಯಾರೆ ಬಡಿಸುತ್ತೇನೆ ಎಂಬುದು ಅತ್ತೆಯ ಮಾತು. ಮಗ ಎದ್ದು ಕೂತ, ನಡೆದ, ಮತ್ತೆ ಆಫೀಸಿಗೂ ಹೋದ. ಹರಕೆ ಮಾತ್ರ ಹಾಗೇ ಉಳಿದಿತ್ತು. ಅತ್ತೆ ಪಂಚಾಂಗ ನೋಡುತ್ತಾ ಚಡಪಡಿಸುತ್ತಿದ್ದರು.

ಸುಧಾಕರನ ತಮ್ಮ ನೈರೋಬಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಅವನನ್ನು ನೋಡಿಕೊಂಡು ಅಲ್ಲಿಂದ ಬೊಂಬಾಯಿಗೆ ಹೋಗುವುದೆಂದು ನಿಶ್ಚಯವಾಯಿತು. ಜೀವ ಉಳಿಸಿಕೊಂಡ ಮನುಷ್ಯನಿಗೆ ಆನೆ ನೋಡುವ ಆಸೆ ಹುಟ್ಟಿತ್ತು, ನಾನು ಬೇಡವೆನ್ನಲಿಲ್ಲ.

ನೈರೋಬಿ

ಮೈದುನ ನಮ್ಮನ್ನು ಕಂಡು ಅತ್ತು, ನಕ್ಕು, ಬಂಗುಡೆ ಸಾರು ಮಾಡಿ ಬಡಿಸಿದ. ಬ್ಯಾಂಕಿನಲ್ಲಿ ಆಡಿಟ್ ಇದ್ದುದರಿಂದ, ಆನೆಗಳಿಗೆ ಹೆಸರಾದ ಅಂಬೋಸೆಲಿ ಪಾರ್ಕಿಗೆ ತಾನು ಬರಲಾಗದೆಂದು ನಮಗೊಂದು ವ್ಯಾನು ಗೊತ್ತುಮಾಡಿಕೊಟ್ಟ. ಅದರ ಡ್ರೈವರ್ ಮುಟುವಾ, ನಲವತ್ತರ ಆಸುಪಾಸಿನ ನಿಧಾನಸ್ಥ.

ಮುಟುವಾ ಬೆಳಗ್ಗೆ ಬಂದವನೇ ಪೆಟ್ಟಿಗೆ ಎತ್ತಲಿಲ್ಲ. ಮೊದಲು ನಿದ್ದೆ ಹೇಗಾಯಿತು ಎಂದು ಕೇಳಿದ. ಆಮೇಲೆ ಮನೆ, ಮಕ್ಕಳು, ಊರಿನ ಮಳೆ, ದನಕರು. ಒಬ್ಬೊಬ್ಬರ ಉತ್ತರವನ್ನೂ ನಿಂತು ಕೇಳಿದ. ಕ್ಯಾಲಿಫೋರ್ನಿಯಾದಲ್ಲಿ ಹೇಗಿದ್ದೀರಿ ಎಂದು ಕೇಳಿದವರು ಉತ್ತರ ಬರುವಷ್ಟರಲ್ಲಿ ಲಿಫ್ಟಿನೊಳಗೆ ಇರುತ್ತಾರೆ. ಅತ್ತೆಗೆ ಇವನು ಬಹಳ ಹಿಡಿಸಿದ. ನಮ್ಮ ಮನೆಯ ಕರು ಹಾಕಿದ ಹಸುವಿನ ಸಂಗತಿಯನ್ನು ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಹಸುವಿನ ಬಣ್ಣ ಯಾವುದು ಎಂದೂ ಕೇಳಿ ತಿಳಿದುಕೊಂಡ. ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಧೂಳಿನ ದಾರಿ

ಡಾಂಬರು ಮುಗಿದ ಮೇಲೆ ವ್ಯಾನಿನ ಟಯರು ಢಂ ಎಂದಿತು. ಸುತ್ತ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳುಮರ. ಬೇಸಿಗೆಯಲ್ಲಿ ನಮ್ಮ ಬೇ ಏರಿಯಾದ ಫ್ರೀವೇ ಪಕ್ಕದ ಗುಡ್ಡಗಳೂ ಇದೇ ಬಣ್ಣ. ಆದರೆ ಅಲ್ಲಿ ಹುಲ್ಲಿನ ನಡುವೆ ಜಿರಾಫೆ ತಲೆ ಎತ್ತುವುದಿಲ್ಲ.

ಟಯರು ಬದಲಿಸುವಷ್ಟರಲ್ಲಿ ಎಲ್ಲಿಂದಲೋ ಅಲ್ಲಿನ ಮಾಸಾಯಿ ಬುಡಕಟ್ಟಿನ ಮೂವರು ಹೆಂಗಸರು ಬಂದು ನಿಂತರು. ಕೆಂಪು ಹೊದಿಕೆ, ಕುತ್ತಿಗೆ ತುಂಬ ಮಣಿಸರ, ಹೆಗಲು ಮುಟ್ಟುವಷ್ಟು ಜೋತುಬಿದ್ದ ಕಿವಿಯ ತೂತು. ಅವರಲ್ಲಿ ಹಿರಿಯಳೊಬ್ಬಳು ಅತ್ತೆಯ ಕಿವಿಯನ್ನು ನೋಡಿದ್ದೇ ನೋಡಿದ್ದು. ಅತ್ತೆಯ ಕಿವಿಯೂ ಹಳೆಯ ಕಾಲದ ಭಾರದ ಓಲೆ ಹಾಕಿ ಹಾಕಿ ಹಿಗ್ಗಿದ್ದು. ಆಕೆ ಬೆರಳು ಚಾಚಿ ಮುಟ್ಟಿದಳು, ಅತ್ತೆಯೂ ಆಕೆಯದನ್ನು ಮುಟ್ಟಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಣ್ಣವಳಿದ್ದಾಗ ಕಿವಿ ಚುಚ್ಚಿಸಿಕೊಂಡು ಎಷ್ಟು ನೋವಾಯಿತು ಎಂದು ಆಕೆ ಹೇಳುತ್ತಿದ್ದಳಂತೆ, ಅತ್ತೆ ಆಮೇಲೆ ನನಗೆ ತಿಳಿಸಿದರು. ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದರೆ, ಕಿವಿಯ ವಿಷಯದಲ್ಲಿ ಬೇರೆ ಎಂತ ಹೇಳಲಿಕ್ಕುಂಟು ಎಂದರು.

ಜೌಗು

ಅಂಬೋಸೆಲಿಯಲ್ಲಿ ಹೊರಗೆ ಸುಣ್ಣದಂಥ ಧೂಳು, ನಡುವೆ ಹಸಿರು ಜೌಗು. ಕಿಲಿಮಂಜಾರೋ ಬೆಟ್ಟದ ಹಿಮ ಕರಗಿ, ನೆಲದಡಿ ಹರಿದು, ಇಲ್ಲಿ ಒರತೆಯಾಗಿ ಮೇಲೆ ಬರುತ್ತದಂತೆ. ಒಂದು ಕಡೆ ಗಂಟಲು ಕೆರೆಯುವ ಒಣ ಬಯಲು, ಅದಕ್ಕೆ ತಾಗಿದಂತೆಯೇ ಸೊಂಟದವರೆಗೆ ನೀರಿನಲ್ಲಿ ನಿಂತು ಜೊಂಡು ಕಿತ್ತು ತಿನ್ನುವ ಆನೆಗಳು. ಅವುಗಳ ಬೆನ್ನಿನ ಮೇಲೆ ಬೆಳ್ಳಕ್ಕಿಗಳು, ದೂರದಲ್ಲಿ ನೀರಾನೆಗಳ ಬೋಳು ಬೆನ್ನು. ಬೆಟ್ಟ ಮಾತ್ರ ಬೆಳಗ್ಗೆ ಒಂದಿಷ್ಟು ಹೊತ್ತು ಬಿಳಿ ತಲೆ ತೋರಿಸಿ ಮತ್ತೆ ಮೋಡದೊಳಗೆ ಹೋಗುತ್ತಿತ್ತು. ಮಡಿ ಹೆಂಗಸರು ಬಾಗಿಲ ಸಂದಿಯಿಂದ ಇಣುಕಿ ಒಳಹೋಗುವ ಹಾಗೆ ಎಂದೆ, ಅತ್ತೆ ಕಣ್ಣುಬಿಟ್ಟು ಗದರಿಸಿದರು.

ಸುಧಾಕರ ಹೊಸ ಕ್ಯಾಮೆರಾ ಹಿಡಿದು ವ್ಯಾನಿನ ತೆರೆದ ಚಾವಣಿಯಿಂದ ತಲೆ ಹೊರಗೆ ಹಾಕಿ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಕಂಪ್ಯೂಟರ್ ಚಿಪ್ಪಿನೊಳಗಿನ ಕೂದಲೆಳೆಯಂಥ ಗೆರೆಗಳನ್ನು ಲೆಕ್ಕಹಾಕುವ ಎಂಜಿನಿಯರು ಫಿಲ್ಮ್ ರೋಲಿನ ತುದಿಯನ್ನು ಕ್ಯಾಮೆರಾದ ಹಲ್ಲುಚಕ್ರಕ್ಕೆ ಸಿಕ್ಕಿಸಿರಲೇ ಇಲ್ಲ. ರೋಲು ಒಂದಿಂಚೂ ಸರಿದಿರಲಿಲ್ಲ. ಸಂಜೆ ಅದು ತಿಳಿದಾಗ ಅವನ ಮುಖ ನೋಡಬೇಕಿತ್ತು. ಪೂರ್ತಿ ಒಂದು ದಿನದ ಆನೆಗಳು ನೀರಿನಲ್ಲಿ ಹೋಮವಾದವು. ಆದರೆ ನನಗೆ ಬೇಜಾರಾಗಲಿಲ್ಲ. ವರ್ಷದ ಮೊದಲಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದವನು ಅಲ್ಲಿ ಬಿಸಿಲಲ್ಲಿ ನಿಂತು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಬೈಯಲು ದನಿಯಿದೆಯಲ್ಲ, ಅಷ್ಟು ಸಾಕು ದೇವರೇ ಎಂದುಕೊಂಡೆ.

ಡೇರೆಯ ಮುಂದೆ

ನಮ್ಮ ಕ್ಯಾಂಪು ಜೌಗಿನ ಅಂಚಿನಲ್ಲಿತ್ತು. ಮರಗಳ ಕೆಳಗೆ ಒಂದು ಸಾಲು ಕ್ಯಾನ್ವಾಸು ಡೇರೆಗಳು, ಸುತ್ತ ಬೇಲಿಯೇ ಇಲ್ಲ. ಮೊದಲ ಬೆಳಗ್ಗೆ ಅತ್ತೆ ಮುಖ ತೊಳೆಯಲು ಹೊರಗೆ ಹೋದವರು ತಿರುಗಿ ಬರಲಿಲ್ಲ. ಪರದೆ ಸರಿಸಿ ನೋಡಿದರೆ ಕೈಮುಗಿದು ನಿಂತಿದ್ದಾರೆ. ಎದುರಿಗೆ, ಹತ್ತು ಮಾರು ದೂರದಲ್ಲಿ, ಒಂದು ಹಂದಿ.

ಅದನ್ನು ವಾರ್ಟ್‌ಹಾಗ್ ಎನ್ನುತ್ತಾರೆ. ಚಪ್ಪಟೆ ಮುಖ, ಕೆನ್ನೆಯ ಮೇಲೆ ಗಂಟು, ಮೇಲಕ್ಕೆ ಬಾಗಿದ ಕೋರೆಹಲ್ಲು, ಬೆನ್ನುದ್ದಕ್ಕೂ ಕೇಸರ. ಹಿಂದೆ ಮೂರು ಮರಿ. ನೋಡುತ್ತಿದ್ದಂತೆ ಅದು ಮುಂಗಾಲು ಮಡಚಿ, ಮೊಣಕಾಲೂರಿ ಹುಲ್ಲು ಮೇಯತೊಡಗಿತು. ಆ ಜಾತಿಯ ಅಭ್ಯಾಸವೇ ಹಾಗೆ. ಅತ್ತೆ ತತ್ತರಿಸಿಹೋದರು. ಅದು ನಮ್ಮ ಮುಂದೆ ಮೊಣಕಾಲೂರುವುದೆಂದರೇನು, ಊರಬೇಕಾದವರು ನಾವು ಎಂದು ಧೂಳಿನಲ್ಲೇ ಅಡ್ಡಬಿದ್ದರು.

ಅಂದು ತುಳುವರ ಸೋಣ ತಿಂಗಳ ಸಂಕ್ರಮಣವಂತೆ. ನಮಗೆ ಯಾರಿಗೂ ನೆನಪಿರಲಿಲ್ಲ, ಅವರಿಗಿತ್ತು. ಚೀಲದಿಂದ ಅವಲಕ್ಕಿ ಪೊಟ್ಟಣ ಬಂತು, ಬೆಲ್ಲದ ಅಚ್ಚು ಬಂತು. ಹಿಂದಿನ ರಾತ್ರಿ ಊಟದ ಮೇಜಿನಿಂದ ತಂದ ಬಾಳೆಹಣ್ಣೂ ಇತ್ತು. ಎಲೆಯಿಲ್ಲದ್ದಕ್ಕೆ ಡೇರೆಯ ಹಗ್ಗ ಕಟ್ಟಿದ ಗೂಟದ ಬಳಿ ನೆಲ ಸಾರಿಸಿದಂತೆ ಕೈಯಿಂದ ಸವರಿ, ಬಡಿಸಿದರು. ಅತ್ತೆ, ಊರಿಗೆ ಹೋಗಿ ಮಾಡೋಣ, ಇಲ್ಲಿ ಪ್ರಾಣಿಗಳಿಗೆ ಏನೂ ಹಾಕಬಾರದಂತೆ ಎಂದು ನಾನು ಹೇಳಿದೆ.

‘ಎದುರು ಬಂದು ನಿಂತವನಿಗೆ ನಾಳೆ ಬಾ ಅಂತ ಹೇಳುದಾ ಮಾರಾಯ್ತಿ?’ ಎಂದರು.

ಸುಧಾಕರ ತಲೆ ಕೆರೆದುಕೊಂಡು, ಅಮ್ಮಾ, ಅದು ಹೆಣ್ಣು, ಮರಿ ಹಾಕಿದ್ದು ಎಂದ. ದೈವಕ್ಕೆ ಗಂಡು ಹೆಣ್ಣು ಅಂತ ಲೆಕ್ಕ ಹಾಕುವವನು ನೀನು ಯಾರು ಎಂದು ಅವನಿಗೂ ಮಂಗಳಾರತಿಯಾಯಿತು. ನಾವು ಒಳಗೆ ಸರಿದ ಮೇಲೆ ಹಂದಿ ಬಂತು. ಬೆಲ್ಲವನ್ನು ಮೂಸಿ, ಚಪ್ಪರಿಸಿ, ಮರಿಗಳನ್ನೂ ಕರೆದು ತಿನ್ನಿಸಿತು. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತಿಂಗಳುಗಳಿಂದ ಹೊತ್ತಿದ್ದ ಭಾರ ಇಳಿಸಿದ ಮುಖ ಅದು. ಅದನ್ನು ನೋಡಿದ ಮೇಲೆ ಬೇಡವೆನ್ನುವ ಬಾಯಿ ನನಗೆ ಬರಲಿಲ್ಲ. ಸಂಜೆಯೂ ಬಡಿಸಿದರು, ಮರುದಿನ ಎರಡು ಹೊತ್ತೂ ಬಡಿಸಿದರು.

ಊಟದ ಡೇರೆ

ಅದರ ಮಾರನೇ ದಿನ ಪಕ್ಕದ ಡೇರೆಯಿಂದ ಕೂಗು ಕೇಳಿತು. ಹಂದಿ ಪರದೆ ಹರಿದು ಒಳನುಗ್ಗಿ, ಪೆಟ್ಟಿಗೆ ಉರುಳಿಸಿ ತಿಂಡಿ ಹುಡುಕುತ್ತಿತ್ತು. ಹಾಲೆಂಡಿನ ದಂಪತಿಗಳು ಮಂಚದ ಮೇಲೆ ನಿಂತಿದ್ದರು. ಪುಣ್ಯಕ್ಕೆ ಯಾರಿಗೂ ಕೋರೆ ತಗಲಲಿಲ್ಲ.

ತಿಂಡಿಯ ಹೊತ್ತಿಗೆ ಕ್ಯಾಂಪಿನ ಮ್ಯಾನೇಜರು ಎಸ್ತರ್ ಎಲ್ಲರ ಮುಂದೆ ನಿಂತು, ಹಂದಿಗೆ ಯಾರು ತಿನ್ನಲು ಕೊಟ್ಟಿರಿ ಎಂದು ಕೇಳಿದಳು. ದನಿ ಏರಿಸಲಿಲ್ಲ. ಸುಧಾಕರ ಅಮ್ಮನ ಕಿವಿಯಲ್ಲಿ ಅದನ್ನು ತುಳುವಿಗೆ ತಿರುಗಿಸಿದ. ಅವನ ಮಾತು ಮುಗಿಯುವ ಮೊದಲೇ ಅತ್ತೆ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದರು.

ಎಸ್ತರ್ ನಮ್ಮನ್ನು ಆಚೆ ಕೂರಿಸಿ, ಚಹಾ ಕೊಟ್ಟು ಮಾತಾಡಿದಳು. ಹರಕೆಯ ಕಥೆಯನ್ನೆಲ್ಲ ಕೇಳಿಸಿಕೊಂಡಳು, ಒಮ್ಮೆಯೂ ನಗಲಿಲ್ಲ. ಆಮೇಲೆ ತಾನು ಮೊದಲು ಕೆಲಸ ಮಾಡುತ್ತಿದ್ದ ಕ್ಯಾಂಪಿನ ಸಂಗತಿ ಹೇಳಿದಳು. ಅಲ್ಲಿ ಅತಿಥಿಗಳು ಒಂದು ಹಂದಿಗೆ ಬ್ರೆಡ್ಡು ಹಾಕಿ ಹಾಕಿ ಅಭ್ಯಾಸ ಮಾಡಿಸಿದ್ದರು. ಒಂದು ದಿನ ಬ್ರೆಡ್ಡು ಸಿಗದಿದ್ದಾಗ ಅದು ಅಡುಗೆಯವನ ತೊಡೆ ಸೀಳಿತು. ಕಾವಲಿನವರು ಅದನ್ನು ಗುಂಡಿಟ್ಟು ಕೊಂದರು.

‘ತಿನ್ನಿಸಿದವರು ವಿಮಾನ ಹತ್ತಿ ಹೋಗ್ತಾರೆ,’ ಎಂದಳು ಎಸ್ತರ್. ‘ಗುಂಡು ತಿನ್ನೋದು ಹಂದಿ.’

ಇದೂ ಹೀಗೇ ಡೇರೆಗಳಿಗೆ ಬರುತ್ತಿದ್ದರೆ ತನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ, ಒಂದೆರಡು ದಿನ ನೋಡುತ್ತೇವೆ ಎಂದಳು. ಮರಿಗಳು ಏನಾಗುತ್ತವೆ ಎಂದು ಅತ್ತೆ ಕೇಳಿದರು. ತಾಯಿಯಿಲ್ಲದ ಮರಿ ಬಯಲಲ್ಲಿ ಉಳಿಯುವುದಿಲ್ಲ ಎಂಬ ಉತ್ತರವನ್ನು ಅವರಿಗೆ ಹೇಳಬೇಕಾದವಳು ನಾನು. ಹೇಳಿದೆ. ಅವರ ಕೈಯಲ್ಲಿದ್ದ ಚಹಾ ಹಾಗೇ ತಣ್ಣಗಾಯಿತು.

ಕೆಲಸದವರು ಅಂದು ಹಗಲೆಲ್ಲ ಹಂದಿಯನ್ನು ಕೂಗಿ ಬೆದರಿಸಿದರು. ಅದು ನಾಲ್ಕು ಹೆಜ್ಜೆ ಓಡುವುದು, ಮತ್ತೆ ನಮ್ಮ ಡೇರೆಯ ಗೂಟದ ಬಳಿಗೇ ಬಂದು ನಿಲ್ಲುವುದು. ಮುಟುವಾ ಎಲ್ಲವನ್ನೂ ನೋಡುತ್ತಾ ನಿಂತಿದ್ದವನು ನನ್ನನ್ನು ಕರೆದು ಮೆಲ್ಲಗೆ ಹೇಳಿದ: ಅದು ಕಾಯುತ್ತಿರುವುದು ಅಮ್ಮನಿಗಾಗಿ, ಬೇರೆಯವರು ಕಿರುಚಿದರೆ ಏನೂ ಆಗದು, ಕೊಟ್ಟ ಕೈಯೇ ಓಡಿಸಬೇಕು.

ಮರದ ಕೆಳಗೆ

ಸಂಜೆ ಮೂವರೂ ಮರದ ಕೆಳಗೆ ಕೂತೆವು. ನಾವು ನಾಳೆಯೇ ಹೊರಟುಬಿಡೋಣ, ಅಮ್ಮನ ಕೈಯಲ್ಲಿ ಅಂಥ ಕೆಲಸ ಮಾಡಿಸುವುದು ಬೇಡ ಎಂದ ಸುಧಾಕರ. ನನಗೂ ಹಾಗೇ ಅನಿಸಿತ್ತು. ಅತ್ತೆಯ ಲೆಕ್ಕದಲ್ಲಿ ಎಲೆಗೆ ಬಡಿಸಿದ್ದನ್ನು ಹಿಂದಕ್ಕೆ ತೆಗೆಯುವುದೇ ಮಹಾಪಾಪ. ಇನ್ನು ಉಂಡವನನ್ನು ಹೊಡೆದು ಅಟ್ಟುವುದೆಂದರೆ, ಆ ಮನೆಯಲ್ಲಿ ಮತ್ತೆ ಯಾವ ಮುಖ ಹೊತ್ತು ದೀಪ ಹಚ್ಚುತ್ತಾರೆ?

ಅತ್ತೆ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಹಾಗೆಯೇ ತಮ್ಮ ತವರಿನ ಗದ್ದೆಯ ಮಾತು ತೆಗೆದರು. ತೆನೆ ಬಲಿತ ಕಾಲಕ್ಕೆ ಕಾಡಿನಿಂದ ಹಂದಿಗಳು ಬರುತ್ತಿದ್ದವಂತೆ. ಹುಡುಗಿಯರೆಲ್ಲ ಡಬ್ಬ ಬಡಿದು, ಮಣ್ಣಹೆಂಟೆ ಎಸೆದು ಓಡಿಸುತ್ತಿದ್ದರಂತೆ. ಓಡಿಸಿ ಬಂದು ಕೈಕಾಲು ತೊಳೆದು ದೈವಕ್ಕೆ ದೀಪ ಇಡುತ್ತಿದ್ದರಂತೆ. ಚಾವಡಿಯಲ್ಲಿ ಕೈ ಮುಗಿಯುವುದು, ಗದ್ದೆಯಲ್ಲಿ ಹೆಂಟೆ ಎಸೆಯುವುದು, ಎರಡಕ್ಕೂ ಜಗಳವೇ ಇರಲಿಲ್ಲವಂತೆ.

‘ಅಮ್ಮಾ, ಅದು ಗದ್ದೆ. ಇಲ್ಲಿ ನೀವೇ ಕರೆದು ಬಡಿಸಿದ್ದು,’ ಎಂದ ಸುಧಾಕರ.

‘ಅದಕ್ಕೇ ಕಷ್ಟ ಆಗುದು,’ ಎಂದರು ಅತ್ತೆ. ‘ನನ್ನ ಮಗನ ಜೀವಕ್ಕೆ ಹೇಳಿಕೊಂಡ ಹರಕೆ ಇದು. ಅದರ ಮಕ್ಕಳ ಜೀವ ತೆಗೆದು ತೀರಿಸುದಾ? ಪಾಪ ಬಂದರೆ ನನಗೆ ಬರಲಿ. ನಾನೇ ಓಡಿಸ್ತೇನೆ.’

ಸುಧಾಕರ ಎದ್ದು ಆ ಕಡೆ ಹೋದ. ಕಣ್ಣೊರೆಸಿಕೊಳ್ಳಲು ಹೋದನೆಂದು ಇಬ್ಬರಿಗೂ ಗೊತ್ತಿತ್ತು, ನಾವು ಕರೆಯಲಿಲ್ಲ.

ಮರುದಿನ ಬೆಳಗ್ಗೆ

ಎಸ್ತರ್ ಅಡುಗೆಮನೆಯಿಂದ ಒಂದು ದೊಡ್ಡ ತಗಡಿನ ತಟ್ಟೆ, ಸೌಟು ಕಳಿಸಿದಳು. ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಡೇರೆಯ ಮುಂದೆ ನಿಂತರು. ಮುಟುವಾ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಹತ್ತಿರವೇ ಇದ್ದ, ಏನಾದರೂ ಆದರೆ ಅತ್ತೆಯನ್ನು ಒಳಗೆಳೆದುಕೊಳ್ಳಲು.

ಹಂದಿ ಬಂತು, ಹಿಂದೆ ಮರಿಗಳು. ಅತ್ತೆಯನ್ನು ಕಂಡದ್ದೇ ಹೆಜ್ಜೆ ಚುರುಕಾಯಿತು. ಗೂಟದ ಬಳಿ ಬಂದು ಮುಂಗಾಲು ಮಡಚಿ ಮೊಣಕಾಲೂರಿ ಬೆಲ್ಲ ಹುಡುಕಿತು. ಸೌಟು ಹಿಡಿದ ಅತ್ತೆಯ ಕೈ ಮೇಲೆ ಹೋಗಲೇ ಇಲ್ಲ. ತುಟಿ ಅಲುಗುತ್ತಿತ್ತು, ತುಳುವಿನಲ್ಲಿ ಅದಕ್ಕೇನೋ ಹೇಳುತ್ತಿದ್ದರು. ನಾನು ಕೊಟ್ಟೆ, ನೀನು ಉಂಡೆ, ಲೆಕ್ಕ ಮುಗಿಯಿತು, ಇನ್ನು ಹೋಗು ಎಂದಿಷ್ಟು ನನಗೆ ತಿಳಿಯಿತು. ಅದು ತಲೆ ಎತ್ತಿ ಅವರನ್ನೇ ನೋಡಿತು.

ಆಗ ಅವರು ತಟ್ಟೆ ಬಡಿದರು. ಮೊದಲ ಏಟು ಮೆಲ್ಲಗೆ, ಆಮೇಲಿನದು ಕಿವಿ ಒಡೆಯುವಷ್ಟು. ಬಾಯಿಂದ ಬಂದ ಕೂಗು ನಾನು ಮದುವೆಯಾದಾಗಿನಿಂದ ಕೇಳಿರದ ದನಿ, ಹೊಲ ಕಾಯುವ ಹುಡುಗಿಯ ದನಿ. ಹಂದಿ ಬೆಚ್ಚಿ ಹಿಂದೆ ಸರಿಯಿತು, ಆದರೆ ಹೋಗಲಿಲ್ಲ. ಇವರು ಹೀಗೆ ಮಾಡುವವರಲ್ಲ ಎಂಬಂತೆ ನಿಂತೇ ಇತ್ತು. ಅತ್ತೆ ಬಗ್ಗಿ ಮಣ್ಣಹೆಂಟೆ ಎತ್ತಿ ಬೀಸಿ ಎಸೆದರು. ಅದು ಮೂತಿಗೆ ತಗಲಿ ಪುಡಿಯಾಯಿತು. ಇನ್ನೊಂದು ಎಸೆದರು, ಮತ್ತೊಂದನ್ನೂ ಎಸೆದರು. ಎಸೆಯುತ್ತಲೇ ಅಳುತ್ತಿದ್ದರು, ಅಳುತ್ತಲೇ ಬೈಯುತ್ತಿದ್ದರು. ಹಂದಿ ಗುಟುರು ಹಾಕಿ ತಿರುಗಿತು. ಬಾಲ ನೆಟ್ಟಗೆ ಎತ್ತಿಕೊಂಡು ಓಡಿತು, ಮೂರು ಮರಿಗಳೂ ಬಾಲ ಎತ್ತಿಕೊಂಡು ಅದರ ಹಿಂದೆ. ಅತ್ತೆ ಅವು ಜೊಂಡಿನೊಳಗೆ ಮರೆಯಾಗುವವರೆಗೂ ತಟ್ಟೆ ಬಡಿಯುತ್ತಲೇ ಇದ್ದರು.

ಆಮೇಲೆ ಧೂಳಿನಲ್ಲೇ ಕುಸಿದು ಕೂತರು. ಮುಟುವಾ ಬಂದು ಅವರ ಕೈಯಿಂದ ಸೌಟು ಬಿಡಿಸಿಕೊಂಡ. ಪಕ್ಕದಲ್ಲಿ ತಾನೂ ನೆಲಕ್ಕೆ ಕೂತ. ನಾನು ನೀರು ತಂದುಕೊಟ್ಟೆ, ಸುಧಾಕರ ಅಮ್ಮನ ಕಾಲಿನ ಮಣ್ಣು ಒರೆಸಿದ. ಅವನನ್ನು ಉಳಿಸಿಕೊಟ್ಟವರ ಪಟ್ಟಿ ನನ್ನ ಮನಸ್ಸಿನಲ್ಲಿ ಮೊದಲೇ ಉದ್ದವಿತ್ತು. ಅವನಿಗೆ ಇಂಥ ತಾಯಿ ಸಿಕ್ಕಿದ್ದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೆಂದು ಮಾತ್ರ ನನಗೆ ತಿಳಿಯಲಿಲ್ಲ.

ಹೊರಡುವ ದಿನ

ಹೊರಡುವ ದಿನ ಬೆಳಕು ಹರಿಯುವಾಗಲೇ ಅತ್ತೆ ಡೇರೆಯ ಹೊರಗಿದ್ದರು. ನಾವೂ ಹೋಗಿ ನಿಂತೆವು. ಎಸ್ತರ್ ಬಂದಳು, ಬಂದೂಕಿನ ಕಾವಲುಗಾರನೊಬ್ಬನೂ ಬಂದು ಮರಕ್ಕೊರಗಿ ನಿಂತ. ಬೆಟ್ಟ ಪೂರ್ತಿಯಾಗಿ ಕಾಣುತ್ತಿತ್ತು, ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

ಜೊಂಡು ಅಲುಗಿತು. ಹಂದಿ ಹೊರಬಂತು, ಮರಿಗಳೂ ಬಂದವು. ಡೇರೆಗಳ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಮೂತಿ ಎತ್ತಿ ಗಾಳಿ ಮೂಸಿತು. ಅತ್ತೆ ಅಲ್ಲಾಡದೆ ನಿಂತಿದ್ದರು, ಬರಿಗೈ. ಅದು ಅವರನ್ನು ಕಂಡಿತು. ಕಂಡದ್ದೇ ಗಕ್ಕನೆ ತಿರುಗಿ, ಬಾಲವೆತ್ತಿ, ಮರಿಗಳನ್ನು ಕರೆದುಕೊಂಡು ಜೌಗಿನ ಒಳಕ್ಕೆ ನುಗ್ಗಿತು. ಕಾವಲುಗಾರ ಬಂದೂಕನ್ನು ಹೆಗಲಿಗೇರಿಸಿಕೊಂಡು ಚಹಾಕ್ಕೆ ಹೊರಟುಹೋದ.

ಅತ್ತೆ ಓಡುವ ಬೆನ್ನಿಗೆ ಕೈಮುಗಿದರು.

‘ನನ್ನನ್ನು ಕಂಡು ಹೆದರಿತು,’ ಎಂದರು. ‘ಇನ್ನು ಬದುಕ್ತದೆ.’